ನಾಲ್ಕನೆಯ ಸೀಟು

ಮಗಳು ತಂದದ್ದು ಒಂದು ಹಳೇ ಜೀನ್ಸ್ ಕೋಟು,
ದಾದರಿನ ಫುಟ್‌ಪಾತಿನಲ್ಲಿ ಚೌಕಾಸಿ ಮಾಡಿ ನೂರೈವತ್ತಕ್ಕೆ.
ಬೆನ್ನಿನ ಮೇಲೆ ಅಂಗೈಯಷ್ಟು ತೂತು,
ಎದೆಯ ಹತ್ತಿರ ಯಾರದೋ ಸಿಗರೇಟಿನ ಸುಟ್ಟ ಕಲೆ.
'ಏನರ ಮಾಡವ್ವಾ ಇದಕ, ಕಾಲೇಜ್ ಡೇ ಬರಾಕ್ಹತ್ತೈತಿ.'
ಏನು ಅಂತ ಹೇಳಲಿಲ್ಲ.
ಹೇಳಿದ್ದರೆ ಸುಲಭವಿತ್ತು.

ನನಗಿರುವ ಹೊತ್ತು ಇಷ್ಟೇ:
ನಾಲಾಸೋಪಾರಾದಿಂದ ಬೋರಿವಲಿಯ ತನಕ,
ಎಂಟು ಹನ್ನೆರಡರ ಲೋಕಲಿನ ಹೆಂಗಸರ ಡಬ್ಬಿ,
ಮೂವರ ಬೆಂಚಿಗೆ ನಾಲ್ಕನೆಯವಳಾಗಿ
ಒಂದೇ ಕುಂಡೆಯೂರಿ ಕೂತ ಜಾಗ.
ಬೋರಿವಲಿ ಬಂತೆಂದರೆ ಮುಗಿಯಿತು,
ಮೈಮೇಲೆ ಮೈ. ಸೂಜಿ ತೆಗೆದರೆ ಕೊಲೆ.

ನಾನು ದುಡಿಯುವ ಬ್ಲೌಸಿನ ಅಂಗಡಿಯಲ್ಲಿ ಚೂರುಗಳಿಗೆ ಬರವಿಲ್ಲ:
ಕಂಕುಳು ಕತ್ತರಿಸಿದ ಅರ್ಧಚಂದ್ರಗಳು,
ಕೊರಳು ಕೊರೆದ ಬಾದಾಮಿಗಳು,
ಯಾರದೋ ಮದುವೆಯ ಗುಲಾಬಿ, ಯಾರದೋ ಸೀಮಂತದ ಹಸಿರು.
'ಒಯ್ಯಿ ಒಯ್ಯಿ, ಕಸ ಎತ್ತೋದಕ್ಕೂ ದುಡ್ಡು ಕೇಳ್ತಾರೆ ಈಗ'
ಅಂದ ಮಾಸ್ತರ.

ಮೊದಲ ವಾರ ತೂತಿಗೆ ತೇಪೆ.
ಸುತ್ತ ಕೂತವರು ಸುಮ್ಮನಿರುವ ಪೈಕಿ ಅಲ್ಲ.
'ಆ ಗುಲಾಬಿ ಬೇಡ, ಹಸಿರಿನ ಪಕ್ಕ ಕಿರುಚುತ್ತೆ,'
ಮೆಂತ್ಯೆಸೊಪ್ಪು ಬಿಡಿಸುತ್ತ ಸುಲಭಾತಾಯಿ.
'ಕಿರುಚಲಿ ಬಿಡಿ, ಹತ್ತೊಂಬತ್ತರ ಹುಡುಗಿ,' ಫಿಲೊಮಿನಾ.
ಮರುದಿನ ಸುಲಭಾತಾಯಿ ಊಟದ ಡಬ್ಬಿಯ ಜೊತೆ ತಂದದ್ದು
ಗಂಡನ ಕಂಡಕ್ಟರ್ ಅಂಗಿಯ ಖಾಕಿ ಕಿಸೆ:
'ಚಿಲ್ಲರೆ ತುಂಬಿ ತುಂಬಿ ಜೋಲು ಬಿದ್ದಿದೆ ನೋಡು.'
ಅವರು ಹೋಗಿ ಎಷ್ಟು ವರ್ಷ ಅಂತ ನಾನು ಕೇಳಲಿಲ್ಲ.
ಸುಟ್ಟ ಕಲೆಯ ಮೇಲೆ ಅದನ್ನೇ ಕೂಡಿಸಿದೆ,
ಜೋಲನ್ನು ಹಾಗೇ ಬಿಟ್ಟು.
ಫಿಲೊಮಿನಾ ಕೊಟ್ಟ ಬೆರಳುದ್ದದ ಲೇಸು ಮಾತ್ರ
ಕಾಲರಿನ ಒಳಗಡೆ ಹೋಯಿತು.
'ಯಾರಿಗೂ ಕಾಣಬಾರದು' ಅಂದಿದ್ದಳು, ಕಾರಣ ಹೇಳದೆ.

ಆಮೇಲೆ ಕಸೂತಿ.
ಜೀನ್ಸಿನ ಎಳೆ ಎಣಿಸಲು ಬರುವುದಿಲ್ಲ, ಓರೆ ನೇಯ್ಗೆ, ಒತ್ತೊತ್ತು.
ಔಷಧಿ ಅಂಗಡಿಯಿಂದ ಗಾಯದ ಪಟ್ಟಿಯ ಬಟ್ಟೆ ತಂದು
ಮೇಲೆ ಹಾಸಿ, ಟಾಕಿ, ಅದರ ಎಳೆ ಎಣಿಸಿ ಹೊಲಿದು
ಕಡೆಗೆ ಪಟ್ಟಿಯ ದಾರಗಳನ್ನು ಒಂದೊಂದಾಗಿ ಎಳೆದರೆ
ಗೋಪುರ ಮಾತ್ರ ಉಳಿಯುತ್ತದೆ.

ಸೋದರತ್ತೆ ನೀಲಗಂಗವ್ವ ನವಲಗುಂದದಲ್ಲಿ ಕಲಿಸಿದ್ದು:
ಗಂಟು ಹಾಕಬಾರದು,
ಹೋದ ದಾರಿಯಲ್ಲೇ ದಾರ ಮರಳಿ ಬರಬೇಕು,
ಹಿಂದೆ ಮುಂದೆ ಒಂದೇ ಕಾಣಬೇಕು.
ಅತ್ತೀ, ನೀನು ಭಾಯಂದರದ ಸೇತುವೆ ನೋಡಿಲ್ಲ.
ಖಾಡಿಯ ಮೇಲೆ ಬಂದಾಕ್ಷಣ ಗಾಡಿಯ ದನಿಯೇ ಬೇರೆ,
ಯಾರೋ ಬಾಗಿಲಿಂದ ಬಾಡಿದ ಹೂವಿನ ಪೊಟ್ಟಣ ಎಸೆಯುತ್ತಾರೆ,
ಸೂಜಿ ಒಂದೆಳೆ ಆಚೆ ಇಳಿಯುತ್ತದೆ.
ಎರಡು ಸಲ ಬಿಚ್ಚಿದೆ. ಮೂರನೆಯ ಸಲ ಬಿಟ್ಟೆ.
ಈಗ ಗೋಪುರ ಎಡಕ್ಕೆ ವಾಲಿದ ಕಡೆಯೆಲ್ಲ
ಕೆಳಗೆ ನೀರಿದೆ.
ಗಂಟೂ ಹಾಕಿದ್ದೇನೆ. ಹನ್ನೊಂದು. ಎಣಿಸಿಟ್ಟಿದ್ದೇನೆ.

ನಿನ್ನೆ ಮುಗಿಯಿತು.
'ಹಾಕ್ಕೊಂಡು ತೋರಿಸು' ಅಂದರು.
ನನಗಲ್ಲ, ಮಗಳಿಗೆ ಅಂದರೂ ಕೇಳಲಿಲ್ಲ.
ಅಕ್ಟೋಬರಿನ ಸೆಕೆ, ಸೀರೆಯ ಮೇಲೆ ಜೀನ್ಸ್ ಕೋಟು,
ಮೇಲಿನ ಹಿಡಿ ಹಿಡಿದು ಎದ್ದು ತಿರುಗಿದೆ.
ಬಾಗಿಲ ಬಳಿ ನಿಂತ ಗುರುತಿಲ್ಲದವಳೂ ಸೀಟಿ ಹೊಡೆದಳು.
ಅಷ್ಟರಲ್ಲಿ ಬೋರಿವಲಿ,
ಬಿಚ್ಚಲು ತೋಳಾಡಿಸುವಷ್ಟೂ ಜಾಗ ಉಳಿಯಲಿಲ್ಲ.

ಹಾಗೇ ದಾದರಿನಲ್ಲಿ ಇಳಿದೆ.
ಸೇತುವೆ ಹತ್ತಿ, ಹೂವಿನವರ ಸಾಲು ದಾಟಿ,
ಬೆನ್ನ ತುಂಬ ಊರ ಮಂದಿಯ ಬಟ್ಟೆ ಹೊತ್ತು,
ಅಂಗಡಿ ಮುಟ್ಟುವ ತನಕ ತೆಗೆಯಲಿಲ್ಲ.
ತೆಗೆಯಬಹುದಿತ್ತು.
ಮಾಸ್ತರ, ಟೇಪು ಕೊರಳಲ್ಲಿ, ನೋಡುತ್ತ ನಿಂತ.

ಸಂಜೆ ಋತುಜಾಳ ಕೈಗೆ ಕೊಡುವಾಗ
ಕಾಲರಿನ ಒಳಗೆ, ಆ ಲೇಸಿನ ಅಂಚಿಗೆ,
ಸೂಜಿ ಸಿಕ್ಕಿಸಿಯೇ ಬಿಟ್ಟೆ,
ಗೇಣುದ್ದ ಕೆಂಪು ದಾರದ ಸಮೇತ.
ಮರೆತು ಅಲ್ಲ.
'ಹುಷಾರು, ಚುಚ್ಚೀತು' ಅಂದೆ.
ಅವಳು ಆಗಲೇ ಖಾಕಿ ಕಿಸೆಗೆ ಕೈ ಹಾಕಿ
ಏನೋ ಹುಡುಕುತ್ತಿದ್ದಳು,
ಚಿಲ್ಲರೆ ಇದ್ದರೂ ಇರಬಹುದು ಅನ್ನುವ ಹಾಗೆ.