ಹದಿನೇಳನೇ ಚೀಟಿ

ಶಿಡ್ಲಘಟ್ಟದ ಸರ್ಕಾರಿ ಆಸ್ಪತ್ರೆ, ಮಂಗಳವಾರ.
ಹದಿನೇಳನೇ ಚೀಟಿ: ಮುಬೀನಾ, ನಲವತ್ತೊಂದು.
ಹೊಸ್ತಿಲಲ್ಲೇ ಅವಳನ್ನು ಓದಲು ಶುರುಮಾಡುತ್ತೇನೆ.
ಚಪ್ಪಲಿ ಬಿಡುವಾಗ ನೆಲ ನೋಡಲಿಲ್ಲ,
ಕಾಲಲ್ಲೇ ತಡವಿ ಬಿಟ್ಟಳು.
ನರ್ಸ್ ಕೂಗಿದ ಕಡೆಗೆ ತಿರುಗಿದ್ದು
ಕತ್ತಲ್ಲ, ಇಡೀ ಮೈ,
ಸಂದಿಯಲ್ಲಿ ಎತ್ತಿನ ಗಾಡಿ ತಿರುಗುವ ಹಾಗೆ.

"ಎಂಟು ದಿನ ಆಯ್ತು ಮೇಡಂ. ದಿಂಬು ಬಿಸಿಲಿಗಿಟ್ಟೆ.
ಕಾಲು ಮುಂದಾಗಿ ಹುಟ್ಟಿದ ಹುಡುಗನ ಕೈಲಿ
ಮೂರು ಸಲ ಒದೆಸಿಕೊಂಡೆ.
ಕಟಿಂಗ್ ಶಾಪಲ್ಲಿ ಲಟಕ್ ಅಂತ ನೆಟಿಕೆ ತೆಗೀತಾರೆ
ಅಂದ ಮೈದುನ. ಹೆದರಿ ಇಲ್ಲಿಗೆ ಬಂದೆ."
ಹೆದರಿದ್ದು ಒಳ್ಳೇದಾಯ್ತು, ಅಂದೆ.

ಮೊದಲು ಕೆಟ್ಟದ್ದನ್ನು ಕೇಳಬೇಕು.
ಬಿದ್ದಿದ್ದೆಯಾ? ಜ್ವರ? ಬಳೆ ಸಡಿಲವಾಯ್ತಾ ಈಚೆಗೆ?
ಮಲಗಿದರೂ ಬಿಡದ ನೋವಾ?
ಗುಂಡಿ ಹಾಕುವಾಗ ಬೆರಳು ತಪ್ಪುತ್ತಾ?
ನಡೆವಾಗ ನೆಲ ಹತ್ತಿ ತುಳಿದಂತಾ?
ಉಚ್ಚೆ ತಡೆಯೋಕಾಗುತ್ತಾ?
ಕೊನೆಯದಕ್ಕೆ ಸೆರಗು ಬಾಯಿಗೆ ಬಂತು.
ಇಲ್ಲ, ಇಲ್ಲ, ಇಲ್ಲ.
ಒಂದೊಂದು ಇಲ್ಲಕ್ಕೂ
ನನ್ನೊಳಗೆ ಒಂದು ಬಾಗಿಲು ಮೆಲ್ಲಗೆ ಮುಚ್ಚುತ್ತದೆ.

ಒಮ್ಮೆ, ಚಿಂತಾಮಣಿಯಲ್ಲಿ, ಕೇಳದೆ ಬಿಟ್ಟಿದ್ದೆ.
ಚೌಡರೆಡ್ಡಿ, ಟೊಮೆಟೊ ಮಂಡಿಯ ಹಮಾಲಿ.
ಕಾಲು ತೊಡರುತ್ತೆ ಅಂದಿದ್ದ,
ನಾನು ನೋವಿನ ಮಾತ್ರೆ ಬರೆದೆ.
ಅವನ ಬಗ್ಗೆ ಇಷ್ಟೇ.

ಗದ್ದ ಎದೆಗೆ ತಾಗಿಸು: ಎರಡು ಬೆರಳು ಬಾಕಿ.
ಎಡಭುಜದಾಚೆ ನೋಡು: ಅರ್ಧಕ್ಕೇ ನಿಂತಿತು.
ನೋವಿನ ಕಡೆಗೇ ತಲೆ ವಾಲಿಸಿ
ನೆತ್ತಿಯನ್ನು ಅಂಗೈಯಲ್ಲಿ ಹಗುರಾಗಿ ಒತ್ತುತ್ತೇನೆ.
ತೋಳಿಗೆ ಕರೆಂಟು ಇಳಿಯಿತಾ?
"ಇಲ್ಲ, ಇಲ್ಲೇ, ಈ ಗಂಟಲ್ಲೇ."
ನನ್ನ ಎರಡು ಬೆರಳು ಹಿಡಿದು ಹಿಂಡು.
ಬಿಸಿನೀರಲ್ಲಿ ಬೆಂದು ಸಿಪ್ಪೆ ಎದ್ದ ಕೈ,
ಉಗುರ ಸಂದಿಯಲ್ಲಿ ರೇಷ್ಮೆಗೂಡಿನ ನಾತ.
ಸಾಕು ಬಿಡಮ್ಮ, ನನ್ನ ಮೂಳೆ ಮುರೀತೀಯ.

ಬೆಳಗಿನ ಐದಕ್ಕೆ ಬಿಚ್ಚಾಣಿಕೆ ಮನೆ.
ಹೊಗೆಯಾಡುವ ಬೇಸಿನ್ನಿಗೆ ಬಗ್ಗಿ
ಎಂಟು ಗೂಡಿನ ಎಂಟು ತುದಿ ಹುಡುಕಿ ಒಂದೆಳೆ ಮಾಡುವುದು.
ಕಣ್ಣಿಗೆ ಕಾಣದು, ಬೆರಳಿಗೆ ಗೊತ್ತು.
ನನ್ನ ಹೆಬ್ಬೆರಳು ಅವಳ ಕತ್ತಿನ ಹುರಿ ತಡವುತ್ತಿತ್ತು.
"ನೀವೂ ಅದೇ ಮಾಡ್ತಿದ್ದೀರ," ಅಂದಳು.
ಉಪಮೆಯೊಂದನ್ನು ನಾನೇ ಹೊಂಚಿಟ್ಟಿದ್ದೆ. ಹೋಯಿತು.

"ಎಕ್ಸ್‌ರೇ?" ಬೇಡ.
ಸವೆತ ಕಾಣುತ್ತೆ; ನನ್ನದು ತೆಗೆದರೂ ಕಾಣುತ್ತೆ.
ಕೂದಲು ನೆರೆದ ಹಾಗೆ ಮೂಳೆಯೂ ನೆರೆಯುತ್ತೆ.
ನೆರೆಗೂದಲು ನೋಯುತ್ತಾ?
"ಗಂಗುಲಪ್ಪನೋರ ಥರ ಪಟ್ಟಿ?" ಅದೂ ಬೇಡ,
ಕಟ್ಟಿಟ್ಟ ಕತ್ತು ಸೋಮಾರಿ ಆಗುತ್ತೆ.
ಐದು ದಿನ ಮಾತ್ರೆ, ಊಟ ಆದ ಮೇಲೆ. ಬಿಸಿಬಟ್ಟೆ ಶಾಖ.
ಆಮೇಲೆ ಗದ್ದ ಹೀಗೆ ನೆಟ್ಟಗೆ ಹಿಂದಕ್ಕೆಳೆ, ಹತ್ತು ಸಲ,
ಒಲ್ಲದ ಸಂಬಂಧ ಬಂದಾಗ ಹುಡುಗಿಯ ಅಜ್ಜಿ
ಮುಖ ಹಿಂದೆಳೆದುಕೊಳ್ಳೋ ಹಾಗೆ.
ನಕ್ಕಳು. ನಕ್ಕಾಗ ಕತ್ತು
ತನಗೆ ಗೊತ್ತಿಲ್ಲದೆ ಒಂದಿಷ್ಟು ತಿರುಗಿತು.

ಬೇಸಿನ್ ಕೆಳಗೆ ಎರಡು ಇಟ್ಟಿಗೆ ಇಡೋಕಾಗುತ್ತಾ?
"ಬೇಸಿನ್ ನಮ್ಮದಲ್ಲ."
ನೀನು ಕೂರೋ ಸ್ಟೂಲು ತಗ್ಗಿಸು.
"ಸ್ಟೂಲೂ ಅವರದೇ."
ಅರ್ಧ ಗಂಟೆಗೊಮ್ಮೆ ತಲೆ ಎತ್ತು.
"ತಲೆ ಎತ್ತಿದರೆ ಎಳೆ ಕಡಿಯುತ್ತೆ ಮೇಡಂ."

ತಲೆಗೆ ಬಂದದ್ದು ತಲೆಪಾಗಿಗೆ ಹೋಯ್ತು ಅನ್ನುತ್ತಾರೆ.
ಪಾಗು ಇಲ್ಲದವರಿಗೆ
ಅದು ನೇರ ಕತ್ತಿಗೆ.

ಚೀಟಿಯಲ್ಲಿ ಬರೆದೆ: ಕತ್ತುನೋವು, ಸಾಮಾನ್ಯ.
ಎಳೆಯ ಬಗ್ಗೆ ಬರೆಯಲು ಕಾಲಂ ಇರಲಿಲ್ಲ.
ಕೈ ಜೋಮು ಹಿಡಿದರೆ ಅವತ್ತೇ ಬಾ,
ಇಲ್ಲದಿದ್ದರೆ ಮೂರು ವಾರಕ್ಕೆ.

ಮೂರನೇ ಮಂಗಳವಾರ ಅವಳು ಬರಲಿಲ್ಲ.
ಓರಗಿತ್ತಿ ಬಂದಿದ್ದಳು, ಕೆಮ್ಮಿಗೆ.
ಔಷಧಿ ಸೆರಗಿಗೆ ಕಟ್ಟಿಕೊಂಡು ಬಾಗಿಲ ತನಕ ಹೋದವಳು
ತಿರುಗಿ ನಿಂತು ಹೇಳಿದಳು:
"ಮಾಲೀಕರು ಇಟ್ಟಿಗೆ ಇಟ್ಟರು. ಒಂದೇ.
ಒಂದು ಸಾಕಾ, ಕೇಳಿಕೊಂಡು ಬಾ ಅಂದಿದ್ದಾಳೆ."