ಎರಡು ಮಿಲಿಮೀಟರ್

ಹಿಗಾಶಿ-ಒಸಾಕಾದ ಅಚ್ಚಿನ ಅಂಗಡಿಯಲ್ಲಿ
ಕುರಾಹಾಶಿ ಕೆತ್ತಿಸಿಕೊಂಡದ್ದು ಒಂದು ಮರದ ತುಂಡು:
ಪರದೆಯಿಲ್ಲ, ತಂತಿಯಿಲ್ಲ, ಸದ್ದಿಲ್ಲ,
ಬರೀ ಅಳತೆ.

ಹಳೆಯ ಆಟದ ಯಂತ್ರ ಎರಡೂ ಅಂಗೈ ತುಂಬುತ್ತಿತ್ತು.
ಹೊಸದು ಅಂಗಿಯ ಜೇಬಿಗೆ ಇಳಿಯಬೇಕು.
ಮೇಲಿನವರ ಮಾತು ಅಷ್ಟೇ; ಉಳಿದದ್ದು ಇವನ ಪಾಡು.
ಬ್ಯಾಟರಿಯೊಂದು ಜಗ್ಗುವುದಿಲ್ಲ,
ಮುನಿಸಿಕೊಂಡ ಬೀಗರ ಹಾಗೆ
ನಟ್ಟನಡುವೆ ಕೂತಿದೆ.
ಹಳೇ ಆಟಗಳನ್ನು ತೂರಿಸುವ ಕಿಂಡಿ ಹೋಯಿತು.
ಅದನ್ನು ಅಳಿಸುವಾಗ ಕೈ ಒಂದು ಗಳಿಗೆ ನಿಂತಿತು.

ಮೂರು ವಾರ ಮರ ಜೇಬಿನಲ್ಲೇ.
ರೈಲಿನಲ್ಲಿ ಜೋತುಬಿದ್ದು ನಿಂತಾಗ ಹೆಬ್ಬೆರಳು
ಇಲ್ಲದ ಗುಂಡಿ ಒತ್ತುತ್ತದೆ,
ಇಲ್ಲದ ಯಾರನ್ನೋ ಹಾರಿಸುತ್ತದೆ ಹೊಂಡದಾಚೆ.
ಎದುರು ಸೀಟಿನ ಹುಡುಗ ಕಣ್ಣರಳಿಸಿ
ತಾಯಿಯ ತೋಳು ಎಳೆಯುತ್ತಾನೆ.

ಭಾನುವಾರ ಅಂಗಿ ವಾಷಿಂಗ್ ಮಷೀನಿಗೆ ಬಿತ್ತು.
ಜೇಬು ತಡಕಲಿಲ್ಲ ಯಾರೂ.
ಮರ ನೀರು ಕುಡಿದು ಉಬ್ಬಿತು ಎರಡು ಮಿಲಿಮೀಟರ್:
ಎರಡು ತಿಂಗಳು ತೇಯ್ದದ್ದು ಪೂರಾ ವಾಪಸ್.

ಬಾಲ್ಕನಿಯಲ್ಲಿ ಒಣಹಾಕಿದ್ದನ್ನು
ಅತ್ತೆ ಫುಸಾಯೊ ಎತ್ತಿಕೊಂಡಳು.
ಗಂಟುಗಟ್ಟಿದ ಬೆರಳು ಅದರ ಸುತ್ತ
ತಾವಾಗಿ ಮಡಿಚಿಕೊಂಡವು.
"ಇದು ಹಿಡಿಯೋಕೆ ಬರುತ್ತೆ" ಅಂದಳು.
ಆಮೇಲೆ, "ಏನಿದು?"

ಸೋಮವಾರ ಹೊಸ ಮರ, ಅದೇ ಅಳತೆ.
ವರದಿಯಲ್ಲಿ ಆ ಮಾತು ಬರೆಯಲಿಲ್ಲ.
ಹೊಸವರ್ಷಕ್ಕೆ ಮುಂಚೆ ಅಂಗಡಿಗಳೆದುರು ಸಾಲು;
ಜೇಬಿಗೆ ಇಳಿಯಿತು, ಜನ ಮೆಚ್ಚಿದರು.

ಉಬ್ಬಿದ್ದು ಫುಸಾಯೊಳ ಟೀವಿ ಪಕ್ಕ ಇದೆ.
ಹವಾಮಾನ ವರದಿ ನೋಡುತ್ತಾ ಹಿಡಿದಿರುತ್ತಾಳೆ.
ಹೆಬ್ಬೆರಳು ಕೂರುವ ಕಡೆ
ಸಣ್ಣ ಕುಳಿ ಬಿದ್ದಿದೆ.