ಮೊಟ್ಟೆ ಹೊತ್ತವನು

ಎಲ್ಲರಿಗಿಂತ ಕೊನೆಗೆ ಬರುತ್ತಾನೆ ಅಂಗ್ರುಪ್,
ಬೆನ್ನಿಗಲ್ಲ, ಎದೆಗೆ ಕಟ್ಟಿಕೊಂಡು
ಮೂವತ್ತು ಮೂವತ್ತರ ಎರಡು ಮೊಟ್ಟೆತಟ್ಟೆ.
ಹೇಸರಗತ್ತೆಯ ಮೇಲೆ ಹೇರಿದರೆ
ರಾತ್ರಿಗೆ ಉಳಿಯುವುದು ಬರೀ ಹಳದಿ,
ಹೋದ ವರ್ಷದ ಅನುಭವ.

ನಾಲ್ಕು ಹೆಜ್ಜೆಗೊಮ್ಮೆ ನಿಂತು
ನನ್ನ ಉಸಿರನ್ನು ನಾನೇ ಹುಡುಕುತ್ತೇನೆ,
ಕತ್ತಲಲ್ಲಿ ಕನ್ನಡಕ ತಡಕುವವನ ಹಾಗೆ.
ಹಿಂದಿನಿಂದ ಅವನು:
“ಮೇಲೆ ನೋಡಬೇಡಿ, ಬೂಟು ನೋಡಿ.
ಲಾ ಎಲ್ಲೂ ಓಡಿಹೋಗೋದಿಲ್ಲ.”

ಲಾ ಅಂದರೆ ಇವರಲ್ಲಿ ಬೆಟ್ಟದ ಕಂಡಿ,
ಈಚೆಯ ಊರಿಗೂ ಆಚೆಯ ಊರಿಗೂ ಇರುವ ಒಂದೇ ಬಾಗಿಲು.
ನಮ್ಮ ಮಂಡ್ಯದ ಕಡೆ ಲಾ ಅಂದರೆ ಸಲಿಗೆ,
ಬಾರ್ಲಾ, ಕೂತ್ಕಳ್ಲಾ, ಉಂಡೇನ್ಲಾ.
ಇದನ್ನು ಅವನಿಗೆ ಹೇಳಲು ಹೊರಟೆ.
ಬಾರ್ಲಾ ಎನ್ನುವಷ್ಟರಲ್ಲಿ ಗಾಳಿ ಮುಗಿಯಿತು.
ಅವನು ಏನೋ ತಿಳಿದಂತೆ ತಲೆಯಾಡಿಸಿದ.

ಹತ್ತೂವರೆಗೆ ಕಂಡಿ.
ಕಲ್ಲುಗುಪ್ಪೆಗಳು, ಬಣ್ಣಗೆಟ್ಟ ಬಾವುಟಗಳ ಪಟಪಟ,
ಯಾರೋ ಏರಿಸಿಟ್ಟ ಕಾಡುಮೇಕೆಯ ಕೊಂಬು.
ಆಚೆಗೆ ಬೆಟ್ಟದ ಹಿಂದೆ ಬೆಟ್ಟ,
ನೇರಳೆ, ತುಕ್ಕು, ಬೂದಿ,
ಒಂದರ ಮೇಲೂ ಒಂದು ಮರವಿಲ್ಲ.
ಪುಣೆಯ ದಂಪತಿ ಅತ್ತರು. ನಾನೂ, ಸ್ವಲ್ಪ.

ಅಂಗ್ರುಪ್ ತಟ್ಟೆಗಳನ್ನು ಇಳಿಸಿ
ಅಷ್ಟಕ್ಕೂ ಬೆನ್ನು ಹಾಕಿ ನಿಂತಿದ್ದ
ಮೂರನೆಯ ಗುಪ್ಪೆಯ ಪಕ್ಕ, ಒಂದು ಕಾಲು ಬಂಡೆಯ ಮೇಲೆ.
ಫೋನಿಗೆ ಊರು ಸಿಗುವುದು ಅಲ್ಲೇ, ಹಾಗೆ ನಿಂತರೇ.
ಕಿರುಚಿದ, ಕಟ್ಟಾಯಿತು, ಮತ್ತೆ ಕಿರುಚಿದ.
ನಡುನಡುವೆ ಕೋಲನ್ನು ಹಿಮಕ್ಕೆ ಚುಚ್ಚಿ
ಮೇಲೆತ್ತಿ, ಒದ್ದೆಯಾದಷ್ಟಕ್ಕೆ ಗೇಣು ಹಾಕಿದ.

“ಯಾರದು?”
“ಅತ್ತೆ. ಈ ವರ್ಷ ಊರಿನ ನೀರಿನ ಪಾಳಿ ಅವಳ ಕೈಲಿ.
ಲಾದಲ್ಲಿ ಎಷ್ಟು ಉಳಿದಿದೆ ಅಂದಳು.”
“ಎಷ್ಟಿದೆ?”
“ಎರಡು ಗೇಣು. ಹೋದ ಸಲ ಈ ಹೊತ್ತಿಗೆ
ನನ್ನ ಸೊಂಟದವರೆಗೆ ಇತ್ತು.
ಜವೆಗೋಧಿಗೆ ಸಾಕು, ಬಟಾಣಿಗೆ ಸಾಲದು.
ಅದಕ್ಕೇ ಬೈದಳು,
ಹಿಮವನ್ನೆಲ್ಲ ನಾನೇ ತಿಂದೆನೋ ಎಂಬಂತೆ.”

ನಾನು ಕ್ಯಾಮೆರಾ ಚೀಲಕ್ಕಿಟ್ಟೆ, ಮತ್ತೆ ತೆಗೆದೆ,
ಏನು ಮಾಡಬೇಕೋ ತಿಳಿಯದೆ.

ಅವನು ಮೊಟ್ಟೆ ಎಣಿಸುತ್ತಿದ್ದ. ಐವತ್ತೊಂಬತ್ತು ಸರಿ.
ಬಿರುಕು ಬಿಟ್ಟ ಇನ್ನೊಂದನ್ನು ನನ್ನ ಅಂಗೈಗಿಟ್ಟು
“ಕುಡಿದುಬಿಡಿ, ಇಳಿಯೋದೇ ಕಷ್ಟ” ಎಂದ.
ಕಲ್ಲಿನಷ್ಟು ತಣ್ಣಗಿತ್ತು,
ಅವನ ಎದೆಗೆ ತಾಗಿಕೊಂಡಿದ್ದ ಕಡೆ ಮಾತ್ರ ಬೆಚ್ಚಗೆ.

ಜಾರುಗಲ್ಲಿನ ಇಳಿಜಾರಿನಲ್ಲಿ ಹೇಸರಗತ್ತೆ ಮೊಂಡುಹಿಡಿದು ನಿಂತಾಗ
ಕೆಳಗಿನಿಂದ ಅವನ ದನಿ:
“ಬಾರ್ಲಾ!”
ಅದು ಬಂತು.